ನೋಡುವ ಕಣ್ಣಿಗೆ ಹೇಳಿದ ಮಾತು



ದತ್ತಿಯ ಇಡುಗಂಟು ಯಾರ ಕಣ್ಣಿಗೂ ಬೀಳದೆ ಬ್ಯಾಂಕಿನಲ್ಲಿ ಇರುತ್ತದೆ. ವರ್ಷಕ್ಕೊಮ್ಮೆ ಅದರ ಬಡ್ಡಿಯಲ್ಲಿ ನಾವು ನಾಲ್ಕು ಜನ ಕೂಡಿ ಒಂದು ಮಾತು ಕೇಳುತ್ತೇವೆ. ಯಾರ ನೆನಪಿಗೆ ಈ ದತ್ತಿ ಇದೆಯೋ ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಎರಡೇ ಸೀರೆಗಳಲ್ಲಿ ವರ್ಷಗಳನ್ನು ದಾಟಿದವರು ಎಂದು ಅವರ ಮಗ ಈಗಷ್ಟೇ ಹೇಳಿದರು. ಅಂಥವರ ಹೆಸರಿನಲ್ಲಿ ಮಾತಾಡಲು ಕರೆದಾಗ ವಿಷಯ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಮನುಷ್ಯರ ಒಳಗಿನ ಬೆಲೆಯನ್ನು ಕ್ರೈಸ್ತ ವಿಶ್ವಾಸ ಹೇಗೆ ಕಾಣುತ್ತದೆ, ಆ ಕಾಣ್ಕೆ ನಮ್ಮ ಈ ಸೀಮೆಯಲ್ಲಿ ಏನನ್ನು ಕೇಳುತ್ತದೆ ಎಂಬುದೇ ಇವತ್ತಿನ ಮಾತು.

ಆಳಂದ, ಅಫಜಲಪುರ, ಜೇವರ್ಗಿ ಎಂಬ ನಮ್ಮ ಮೂರು ತಾಲೂಕುಗಳನ್ನು ಕೂಡಿಸಿದ್ದು ನೀರು. ಆಳಂದದ ಕಡೆಯಿಂದ ಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯ ಸೀಮೆ ಮುಟ್ಟಿ ಹರಿಯುತ್ತಾಳೆ. ಗಾಣಗಾಪುರದ ದತ್ತನ ಪಾದುಕೆಗೆ ನಡೆದುಕೊಳ್ಳುವವರು, ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಹೋಗುವವರು, ಘತ್ತರಗಿಯ ಭಾಗಮ್ಮನಿಗೆ ಹರಕೆ ಹೊತ್ತವರು, ಏಕತಾರಿ ಹಿಡಿದು ತತ್ವಪದ ಹಾಡುವವರು ಎಲ್ಲರಿಗೂ ನೀರು ಒಂದೇ. ಇವರ ನಡುವೆ ಯೇಸುವನ್ನು ನಂಬಿದ ನಾವೂ ಕೆಲವರು ಇದ್ದೇವೆ. ಬೀದರ, ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಮೆಥೋಡಿಸ್ಟ್ ಸಭೆಗಳು ಹಿಂದಿನಿಂದಲೂ ಇವೆ. ಕಲಬುರಗಿ ಕಥೋಲಿಕ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 2005ರಲ್ಲಿ. ಸಂಖ್ಯೆಯಲ್ಲಿ ನಾವು ಸಣ್ಣವರು. ನಮ್ಮಲ್ಲಿ ಬಹಳ ಮಂದಿ ಹೊಲದಲ್ಲಿ ಕೂಲಿ ಮಾಡಿ ಬದುಕಿದ ಮನೆತನದವರು. ನನ್ನ ಅಜ್ಜಿಯೂ ಆಳಂದದ ಕಡೆಯ ಒಂದು ಹಳ್ಳಿಯಲ್ಲಿ ತೊಗರಿ ಹೊಲದ ಕೂಲಿಯವಳು.

ಹಸಿರಾಗಿ ನಿಂತ ಗೊಡ್ಡು ತೊಗರಿ

ಆ ಅಜ್ಜಿಯಿಂದಲೇ ಶುರು ಮಾಡುತ್ತೇನೆ. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್, ಜನವರಿಗೆ ಕೊಯ್ಲಿಗೆ ಬರುತ್ತದೆ ಎಂಬುದು ನಿಮಗೆ ಹೇಳಿಕೊಡಬೇಕಾದ ಮಾತಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಕೊಯ್ಲಿನ ಹೊತ್ತಿಗೆ ತೊಗರಿ ಹೊಲ ನೋಡಲು ಚೆಂದ ಇರುವುದಿಲ್ಲ. ಎಲೆ ಉದುರಿರುತ್ತದೆ, ಕಟ್ಟಿಗೆ ಬಿರುಸಾಗಿರುತ್ತದೆ, ಕಾಯಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅಂಥ ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಹಚ್ಚಗೆ, ಪೊದೆಯಾಗಿ ನಿಂತಿರುತ್ತದೆ. ಚಿಕ್ಕವಳಿದ್ದಾಗ ಅಂಥ ಒಂದು ಗಿಡ ತೋರಿಸಿ, 'ಅಜ್ಜಿ, ಇದೊಂದೇ ಎಷ್ಟು ಚಂದ ಅದ ನೋಡು' ಎಂದೆ. ಅಜ್ಜಿ ಗಿಡದ ಹತ್ತಿರ ಹೋಗಿ ಒಂದು ಟೊಂಗೆ ಬಗ್ಗಿಸಿ ನನ್ನ ಕೈಗೆ ಕೊಟ್ಟಳು. 'ಕಾಯಿ ಹುಡುಕು' ಎಂದಳು. ಸಣ್ಣ ಸಣ್ಣ ಎಲೆಗಳು ದಟ್ಟವಾಗಿದ್ದವು. ಬೆರಳಿನಿಂದ ಎಲೆ ಸರಿಸಿ ಸರಿಸಿ ನೋಡಿದೆ. ಹೂವಿಲ್ಲ, ಕಾಯಿಲ್ಲ. 'ಗೊಡ್ಡು ಬಿದ್ದದ' ಎಂದು ಅಜ್ಜಿ ಆ ಗಿಡ ಕಿತ್ತು ಬದುವಿನಾಚೆ ಎಸೆದಳು.

ಅದು ಗೊಡ್ಡು ರೋಗ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಗಾಳಿಯಲ್ಲಿ ಬಂದು ಗಿಡಕ್ಕೆ ನಂಜು ಅಂಟಿಸುತ್ತದೆ. ಗಿಡ ಸಾಯುವುದಿಲ್ಲ, ಒಣಗುವುದಿಲ್ಲ. ಹೂ ಬಿಡುವ ಶಕ್ತಿ ಕಳೆದುಕೊಂಡು ಎಲೆಯಲ್ಲೇ ಬೆಳೆಯುತ್ತದೆ. ರಸ್ತೆಯ ಮೇಲೆ ಹೋಗುವವರಿಗೆ ಅದೇ ಒಳ್ಳೆಯ ಗಿಡವಾಗಿ ಕಾಣುತ್ತದೆ. ಹೊಲದೊಳಗೆ ಇಳಿದು ಟೊಂಗೆ ಬಗ್ಗಿಸಿದವರಿಗೆ ಮಾತ್ರ ನಿಜ ತಿಳಿಯುತ್ತದೆ.

ಮುಂದೆ ಮಾರ್ಕನ ಸುವಾರ್ತೆಯಲ್ಲಿ ಎಲೆ ತುಂಬಿದ ಅಂಜೂರದ ಮರದ ಪ್ರಸಂಗ ಓದಿದಾಗ ನನಗೆ ಕಂಡದ್ದು ಆ ತೊಗರಿ ಗಿಡವೇ. ಹಸಿದಿದ್ದ ಯೇಸು ದೂರದಿಂದ ಎಲೆ ಕಂಡು ಮರದ ಹತ್ತಿರ ಬರುತ್ತಾನೆ, ಹಣ್ಣು ಸಿಗುವುದಿಲ್ಲ. ಆ ಪ್ರಸಂಗಕ್ಕೆ ಪಂಡಿತರು ಹಲವು ಅರ್ಥ ಹೇಳುತ್ತಾರೆ. ನಮ್ಮ ಸೀಮೆಯ ಒಕ್ಕಲು ಮಕ್ಕಳಿಗೆ ಒಂದು ಅರ್ಥವಂತೂ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ.

ಬೆತ್ಲೆಹೇಮಿನ ಎಂಟನೆಯ ಮಗ

ಹೊರಗಿನ ರೂಪಕ್ಕಿಂತ ಒಳಗಿನ ಬೆಲೆ ದೊಡ್ಡದು ಎಂಬ ಮಾತು ಬೈಬಲಿನಲ್ಲಿ ಕಟ್ಟಳೆಯಾಗಿ ಬರುವ ಮೊದಲೇ ಕಥೆಯಾಗಿ ಬರುತ್ತದೆ. ಸಮುವೇಲನೆಂಬ ಪ್ರವಾದಿ ಹೊಸ ಅರಸನನ್ನು ಅಭಿಷೇಕಿಸಲು ಬೆತ್ಲೆಹೇಮಿನ ಇಷಯನ ಮನೆಗೆ ಬರುತ್ತಾನೆ. ಹಿರಿಯ ಮಗ ಎಲೀಯಾಬ ಎತ್ತರದ ಆಳು, ನೋಡಿದರೆ ಅರಸನಾಗಲು ಹುಟ್ಟಿದವನಂತೆ ಇದ್ದಾನೆ. ಪ್ರವಾದಿಯ ಮನಸ್ಸು ಅಲ್ಲೇ ನಿಲ್ಲುತ್ತದೆ. ಆಗ ದೇವರು ಅವನನ್ನು ತಡೆಯುತ್ತಾನೆ. ಮನುಷ್ಯರು ರೂಪ ನೋಡುತ್ತಾರೆ, ನಾನು ಹೃದಯ ನೋಡುತ್ತೇನೆ ಎಂಬುದು ಆ ತಡೆಯ ಸಾರ. ಒಬ್ಬರ ಹಿಂದೆ ಒಬ್ಬರಂತೆ ಏಳು ಮಕ್ಕಳು ಮುಂದೆ ಹಾದುಹೋಗುತ್ತಾರೆ. ಯಾರೂ ಅಲ್ಲ. ಇನ್ಯಾರೂ ಇಲ್ಲವೇ ಎಂದು ಕೇಳಿದ ಮೇಲೆ, ಕಿರಿಯವನೊಬ್ಬ ಇದ್ದಾನೆ, ಕುರಿ ಕಾಯುತ್ತಿದ್ದಾನೆ ಎಂದು ತಂದೆ ಹೇಳುತ್ತಾನೆ. ಅವನೇ ದಾವೀದ.

ಈ ಕಥೆಯನ್ನು ನಾವು ಅವಸರದಲ್ಲಿ ಓದಿಬಿಡುತ್ತೇವೆ. ದಾವೀದನೂ ಸುಂದರನಾಗಿದ್ದ, ಕಣ್ಣು ಚೆಂದ ಇದ್ದವು ಎಂದು ಅದೇ ಅಧ್ಯಾಯ ಬಿಚ್ಚಿ ಹೇಳುತ್ತದೆ. ಹಾಗಾದರೆ ಚೆಲುವು ಕೆಟ್ಟದ್ದು, ಕುರೂಪ ಒಳ್ಳೆಯದು ಎಂಬುದು ಕಥೆಯ ಮಾತಲ್ಲ. ದಾವೀದನಿಗೆ ಆದ ಅನ್ಯಾಯ ಬೇರೆ. ಅವನನ್ನು ಯಾರೂ ಕರೆಯಲೇ ಇಲ್ಲ. ಹೆತ್ತ ತಂದೆಯೇ ಮಕ್ಕಳನ್ನು ಎಣಿಸುವಾಗ ಅವನನ್ನು ಬಿಟ್ಟ. ನಮ್ಮ ಕಡೆ ಕುರಿ ಹಿಂಡಿನ ಜೊತೆ ಕಂಬಳಿ ಹೊದ್ದು ತಿಂಗಳುಗಟ್ಟಲೆ ಊರಾಚೆ ಇರುವ ಹುಡುಗರನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಶಾಲೆಯ ಹಾಜರಿಯಲ್ಲಿ ಹೆಸರಿದ್ದರೂ ಆ ಹುಡುಗ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವ ಒಂದೇ ಮಾತು ಇಲ್ಲಿದೆ. ಒಳಗಿನ ಬೆಲೆ ದೊಡ್ಡದು ಎಂಬ ಬೋಧೆಯನ್ನು ನಾವು ಬಡವರಿಗೆ, ಕಪ್ಪಗಿರುವವರಿಗೆ, ಹರಿದ ಬಟ್ಟೆಯವರಿಗೆ ಸಮಾಧಾನವಾಗಿ ಹೇಳುತ್ತ ಬಂದಿದ್ದೇವೆ. ಆದರೆ ಆ ಬೆತ್ಲೆಹೇಮಿನ ಮನೆಯಲ್ಲಿ ದೇವರು ತಿದ್ದಿದ್ದು ದಾವೀದನನ್ನಲ್ಲ, ಸಮುವೇಲನ ಕಣ್ಣನ್ನು. ಅದು ನೋಡುವವರಿಗೆ ಹೇಳಿದ ಮಾತು.

ಬೈಬಲಿನ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ ಇದನ್ನು ಇನ್ನೂ ನೇರವಾಗಿ ಹೇಳುತ್ತದೆ. ಸಭೆಗೆ ಇಬ್ಬರು ಬರುತ್ತಾರೆ. ಒಬ್ಬನ ಬೆರಳಲ್ಲಿ ಬಂಗಾರದ ಉಂಗುರ, ಮೈಮೇಲೆ ಬೆಲೆಬಾಳುವ ಬಟ್ಟೆ. ಇನ್ನೊಬ್ಬ ಕೊಳಕು ಬಟ್ಟೆಯ ಬಡವ. ಮೊದಲನೆಯವನಿಗೆ ಒಳ್ಳೆಯ ಜಾಗ ತೋರಿಸಿ, ಎರಡನೆಯವನಿಗೆ ಅಲ್ಲೇ ನಿಲ್ಲು, ಇಲ್ಲವೆ ಕಾಲ ಹತ್ತಿರ ಕೂತುಕೋ ಎಂದರೆ ನೀವು ಕೆಟ್ಟ ನ್ಯಾಯಾಧೀಶರಾದಿರಿ ಎನ್ನುತ್ತಾನೆ ಯಾಕೋಬ. ಸುಮಾರು 2000 ವರ್ಷದ ಹಿಂದಿನ ಈ ಪತ್ರ ತಪ್ಪಿತಸ್ಥರನ್ನಾಗಿ ನಿಲ್ಲಿಸುವುದು ಉಂಗುರದವನನ್ನೂ ಅಲ್ಲ, ಬಡವನನ್ನೂ ಅಲ್ಲ. ಕುರ್ಚಿ ಹಂಚುವವನನ್ನು.

1949ರ ಕಲಬುರಗಿಯಲ್ಲಿ

ನಮ್ಮ ನೆಲದಲ್ಲಿ ಕುರ್ಚಿ ಹಂಚಿದ ಒಂದು ಒಳ್ಳೆಯ ಪ್ರಸಂಗವನ್ನು ನೆನೆಯಬೇಕು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಶರಣಾಯಿತು. ಅದರ ಮುಂಚೆ ರಜಾಕಾರರ ಹಾವಳಿ, ಆಮೇಲೆ ಸೇಡಿನ ಹಿಂಸೆ. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು, ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಗುರುತಿಸಿದ್ದು ಉಸ್ಮಾನಾಬಾದ್, ಕಲಬುರಗಿ, ಬೀದರ, ನಾಂದೇಡಗಳನ್ನು. ಟೋಪಿ, ಗಡ್ಡ, ಹಣೆಯ ಗುರುತು ನೋಡಿ ಮನುಷ್ಯರ ಸಾವು ಬದುಕನ್ನು ತೀರ್ಮಾನಿಸಿದ ಕಾಲ ಅದು. ಹೊರಗಿನ ಗುರುತಿಗೆ ಅಷ್ಟು ಭಯಂಕರ ಬೆಲೆ ಬಂದದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡರು.

ಮರುವರ್ಷ, 1949ರಲ್ಲಿ, ಅದೇ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಅಧ್ಯಕ್ಷ ಪೀಠದಲ್ಲಿ ಕೂತವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಸಭಾಪಾಲಕರು. ಹಳ್ಳಿ ಹಳ್ಳಿ ತಿರುಗಿ, ಓಲೆಗರಿಗಳನ್ನೂ ಜನರ ಬಾಯಲ್ಲಿ ಉಳಿದದ್ದನ್ನೂ ಕೂಡಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಹೊರತಂದವರು. ಕ್ರಿಸ್ತನ ಸೇವೆಗೆ ನಿಂತ ಪಾದ್ರಿಯೊಬ್ಬರು ಊರೂರು ತಿರಿದುಂಡ ಕವಿಯ ಬೆನ್ನು ಹತ್ತಿದರು. ಅನುಭವ ಮಂಟಪದ ಐತಿಹಾಸಿಕತೆಯ ಮೇಲೆ ಪುಸ್ತಕ ಬರೆದರು, ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಅವರ ಪುಸ್ತಕದ ಹೆಸರನ್ನು ಗಮನಿಸಿ. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಕೊಡುವುದಿಲ್ಲ, ವಿನಂತಿ ಮಾಡುತ್ತದೆ. 1962ರಲ್ಲಿ ತೀರಿಕೊಂಡ ಈ ಹಿರಿಯರನ್ನು ಕನ್ನಡಿಗರು ಕರೆದದ್ದು ತಿರುಳ್ಗನ್ನಡದ ತಿರುಕ ಎಂದು.

ತಿರುಳು ಎಂಬ ಆ ಮಾತು ನನ್ನ ವಿಷಯಕ್ಕೆ ಬಹಳ ಹತ್ತಿರದ್ದು. ಪರಧರ್ಮದ ಗ್ರಂಥದಲ್ಲಿ ತಿರುಳು ಕಂಡರೆ ಅದನ್ನು ತಿರುಳೆಂದೇ ಒಪ್ಪುವ ಧೈರ್ಯ ಅವರಿಗಿತ್ತು. ಆ ಧೈರ್ಯ ಅವರ ಕ್ರೈಸ್ತ ನಂಬಿಕೆಯನ್ನು ಸಡಿಲ ಮಾಡಲಿಲ್ಲ. ದೇವರು ಹೃದಯವನ್ನು ನೋಡುತ್ತಾನೆ ಎಂದು ನಂಬಿದವರು ಅಂಗಿಯ ಮೇಲಿನ ಗುರುತು ನೋಡಿ ಜ್ಞಾನವನ್ನು ತಳ್ಳುವುದು ಹೇಗೆ? ಇತ್ತ ಕನ್ನಡದ ಜನವೂ ಅವರ ಕೊರಳಲ್ಲಿ ಏನಿದೆ, ಹಣೆಯ ಮೇಲೆ ಏನಿಲ್ಲ ಎಂದು ಕೇಳಲಿಲ್ಲ. ಗುರುತು ನೋಡಿ ಕೊಂದ ನೆಲದಲ್ಲಿ ಗುರುತು ಕೇಳದೆ ಅಧ್ಯಕ್ಷತೆ ಕೊಟ್ಟರು. ಇದು ಸಣ್ಣ ಸಂಗತಿಯಲ್ಲ.

ಅದಕ್ಕೆ ಈ ಮಣ್ಣು ಮೊದಲೇ ಹದವಾಗಿತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಒಳಗಿನ ಮನುಷ್ಯ, ಹೊರಗಿನ ಮನುಷ್ಯ ಎಂಬ ಅಪೊಸ್ತಲ ಪೌಲನ ವಿಚಾರವನ್ನು ಹೇಳಲು ಕನ್ನಡ ಹೊಸ ಮಾತು ಹುಟ್ಟಿಸಬೇಕಾಗಿರಲಿಲ್ಲ. ಅಂತರಂಗ, ಬಹಿರಂಗ ಎಂಬ ಮಾತುಗಳನ್ನು ಕಲ್ಯಾಣದ ಶರಣರು 12ನೆಯ ಶತಮಾನದಲ್ಲೇ ಮಸೆದು ಇಟ್ಟಿದ್ದರು. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರು ವೇಷದ ಭಕ್ತಿಯನ್ನು ತತ್ವಪದಗಳಲ್ಲಿ ನಿಷ್ಠುರವಾಗಿ ಪರೀಕ್ಷಿಸಿದರು. ಅವರ ಶಿಷ್ಯ ಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು. ಇವರೆಲ್ಲ ಒಂದೇ ಧರ್ಮ ಹೇಳಿದರು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಎಲ್ಲರಿಗೂ ಅನ್ಯಾಯ. ಆದರೆ ಟೊಂಗೆ ಬಗ್ಗಿಸಿ ಕಾಯಿ ಹುಡುಕು ಎಂದು ಎಲ್ಲರೂ ಹೇಳಿದರು.

ಒಂದು ಕುರ್ಚಿ

ಈಗ ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕು. ಕೆಲವು ವರ್ಷಗಳ ಹಿಂದೆ ಡಿಸೆಂಬರ್ 25ರಂದು ಜೇವರ್ಗಿ ಕಡೆಯ ಒಂದು ಹಳ್ಳಿಯ ಸಣ್ಣ ಪ್ರಾರ್ಥನಾ ಮಂದಿರಕ್ಕೆ ಹೋಗಿದ್ದೆ. ತಗಡಿನ ಮಾಡು, ಹೊಸದಾಗಿ ಸುಣ್ಣ ಬಳಿದ ಗೋಡೆ, ಬಾಗಿಲಿಗೆ ಕಾಗದದ ನಕ್ಷತ್ರ. ಒಳಗೆ ಉದ್ದಕ್ಕೆ ಜಮಖಾನೆ ಹಾಸಿದ್ದರು. ನಾನು ಕಾರಿನಲ್ಲಿ ಇಳಿದೆ, ರೇಷ್ಮೆ ಸೀರೆ ಉಟ್ಟಿದ್ದೆ. ಯಾರದೋ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮುಂದೆ ಹಾಕಿದರು. ಇಡೀ ಮಂದಿರಕ್ಕೆ ಅದೊಂದೇ ಕುರ್ಚಿ. ನಾನು ಕೂತೆ.

ಹಾಡು ಶುರುವಾದ ಮೇಲೆ ಒಬ್ಬ ಮುದುಕಿ ಬಂದಳು. ಸೀದಾ ರಾಶಿ ಮಾಡುವ ಕಣದಿಂದ ಬಂದವಳು. ತಲೆಗೂದಲಿನಲ್ಲಿ ತೊಗರಿಯ ಹೊಟ್ಟು, ಮೊಣಕೈಯವರೆಗೆ ಧೂಳು. ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೇ ಕೂತಳು. ಯಾರೋ ಮುಂದೆ ಬಾ ಎಂದು ಕೈ ಮಾಡಿದರು. ಆಕೆ ನನ್ನ ಸೀರೆಯ ಕಡೆ ನೋಡಿ, 'ನಾ ಇಲ್ಲೇ ಕುಂದರ್ತೀನಿ' ಎಂದಳು. ಆ ದಿನ ಓದಿದ ವಾಕ್ಯ ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನದು. ಮೊದಲ ಸುದ್ದಿ ತಲುಪಿದ್ದು ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಅದನ್ನು ಕೇಳುತ್ತ ನಾನು ಕುರ್ಚಿಯಲ್ಲಿ ಕೂತಿದ್ದೆ, ಕಣದಿಂದ ಬಂದವಳು ಚಪ್ಪಲಿಗಳ ಪಕ್ಕದಲ್ಲಿ ಕೂತಿದ್ದಳು. ಯಾಕೋಬ ಬರೆದದ್ದು ನನ್ನ ಬಗ್ಗೆಯೇ ಎಂದು ಆವತ್ತು ತಿಳಿಯಿತು.

ಎದ್ದು ಹಿಂದೆ ಹೋದೆ. ಆಕೆ ಸ್ವಲ್ಪ ಸರಿದು, 'ಜಾಗ ಅದ, ಬರ್ರಿ' ಎಂದಳು. ಕಾಣಿಕೆಯ ಚೀಲ ಬಂದಾಗ ಸೆರಗಿನ ಗಂಟು ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದು ಬಿಚ್ಚಿದಳು. ಒಳಗಿದ್ದ ನೋಟನ್ನು ನಾಲ್ಕು ಮಡಿಕೆಯಲ್ಲೇ ಚೀಲಕ್ಕೆ ಹಾಕಿದಳು, ಎಷ್ಟೆಂದು ಯಾರಿಗೂ ಕಾಣಲಿಲ್ಲ. ಆರಾಧನೆ ಮುಗಿಯುವವರೆಗೆ ಆ ಕುರ್ಚಿ ಖಾಲಿಯೇ ಇತ್ತು. ಯೆರೂಸಲೇಮಿನ ದೇವಾಲಯದಲ್ಲಿ ಎರಡು ಪುಟ್ಟ ಕಾಸು ಹಾಕಿದ ವಿಧವೆಯನ್ನು ಯೇಸು ಶಿಷ್ಯರಿಗೆ ತೋರಿಸಿದ್ದು ಹೀಗೆಯೇ ಇರಬೇಕು. ಅವಳಿಗೆ ಅವನು ಏನನ್ನೂ ಬೋಧಿಸಲಿಲ್ಲ. ನೋಡಿರಿ ಎಂದದ್ದು ಶಿಷ್ಯರಿಗೆ.

ನಮ್ಮೊಳಗಿನ ನುಸಿ

ಕ್ರೈಸ್ತ ಸಭೆಯ ಒಳಗಿನವಳಾಗಿ ನಾನು ಮೂರು ಮಾತು ಹೇಳಲೇಬೇಕು.

ಮೊದಲನೆಯದು ಒಡವೆಯದು. ಕೂದಲು ಹೆಣೆಯುವುದು, ಬಂಗಾರ ಇಡುವುದು ನಿಜವಾದ ಭೂಷಣವಲ್ಲ, ಒಳಗಿನ ಸೌಮ್ಯ ಮನಸ್ಸೇ ಭೂಷಣ ಎಂಬ ಅರ್ಥದ ಮಾತು ಪೇತ್ರನ ಮೊದಲ ಪತ್ರಿಕೆಯಲ್ಲಿದೆ. ಇದನ್ನು ಹೆಣ್ಣುಮಕ್ಕಳನ್ನು ಗದರಿಸಲು ಬಳಸಿದ್ದನ್ನು ನಾನು ಬಹಳ ಸಲ ಕೇಳಿದ್ದೇನೆ. ಕಿವಿಯ ಓಲೆ ತೆಗೆದವಳು ಭಕ್ತೆ, ತೆಗೆಯದವಳು ಲೋಕದವಳು ಎಂದು ಅಳೆಯಲು ಶುರು ಮಾಡಿದರೆ ಬರಿಗಿವಿಯೇ ಒಂದು ಒಡವೆಯಾಗುತ್ತದೆ. ಬಿಳಿ ಅಂಗಿಯೂ ಆಡಂಬರವಾಗಬಹುದು. ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಎಂದು ಯೇಸು ಹೇಳಿದ್ದು ಇದಕ್ಕಾಗಿ.

ಎರಡನೆಯದು ಬಣ್ಣದ್ದು. ಹೆಣ್ಣು ನೋಡಲು ಬಂದವರು ಹುಡುಗಿಯ ಓದು, ಗುಣ ಕೇಳುವ ಮೊದಲೇ ಕೈಯ ಬಣ್ಣ ನೋಡುತ್ತಾರೆ. ಕ್ರೈಸ್ತರ ಮನೆಗಳಲ್ಲೂ ಇದು ನಡೆಯುತ್ತದೆ. 1975ರಿಂದ ನಮ್ಮ ದೇಶದಲ್ಲಿ ಮಾರಾಟವಾದ ಫೇರ್ ಅಂಡ್ ಲವ್ಲಿ ಎಂಬ ಕ್ರೀಮು 2020ರಲ್ಲಿ ಹೆಸರು ಬದಲಿಸಿಕೊಂಡಿತು. ಡಬ್ಬಿಯ ಮೇಲಿನ ಹೆಸರು ಬದಲಾದಷ್ಟು ಬೇಗ ನಮ್ಮ ಕಣ್ಣು ಬದಲಾಗಲಿಲ್ಲ. ಬೈಬಲಿನ ಪರಮ ಗೀತೆಯ ಮೊದಲ ಅಧ್ಯಾಯದಲ್ಲಿ ಒಬ್ಬ ಹುಡುಗಿ ಇದ್ದಾಳೆ. ದ್ರಾಕ್ಷಿ ತೋಟ ಕಾಯ್ದು ಬಿಸಿಲಿಗೆ ಮೈ ಕಪ್ಪಾಗಿದೆ, ಆದರೂ ತಾನು ಚೆಲುವೆ ಎಂದು ತಲೆಯೆತ್ತಿ ಹೇಳುತ್ತಾಳೆ. 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ದುಡಿದು ಬೆಂದ ಮಕ್ಕಳಿಗೆ ಈ ಅಧ್ಯಾಯವನ್ನು ಯಾರೂ ಓದಿ ಹೇಳಲಿಲ್ಲ. ಯೇಸುವಿನ ಮೈಬಣ್ಣ, ಎತ್ತರ, ಮುಖಲಕ್ಷಣ ನಾಲ್ಕೂ ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಆದರೂ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಅವನು ಬೆಳ್ಳಗೆ, ಕಂದುಗೂದಲಿನವನಾಗಿ ಇದ್ದಾನೆ. ಅಮೆರಿಕದ ವಾರ್ನರ್ ಸಾಲ್‌ಮನ್ 1940ರಲ್ಲಿ ಬರೆದ ಚಿತ್ರ ಕೋಟ್ಯಂತರ ಪ್ರತಿಗಳಾಗಿ ಜಗತ್ತೆಲ್ಲ ಹರಡಿತು. ಬೆಂಗಳೂರಿನ ಹತ್ತಿರದ ಸಿಲ್ವೆಪುರದ ಕಲಾವಿದ ಜ್ಯೋತಿ ಸಾಹಿ ಅವರು ಕ್ರಿಸ್ತನನ್ನು ಈ ದೇಶದ ಮೈಬಣ್ಣದಲ್ಲಿ, ಈ ದೇಶದ ರೂಪಕಗಳಲ್ಲಿ ಚಿತ್ರಿಸಿದರು. ಅಂಥ ಚಿತ್ರಗಳು ನಮ್ಮ ಹಳ್ಳಿಯ ಮಂದಿರಗಳಿಗೂ ಬರಬೇಕು.

ಮೂರನೆಯದು ಜಾತಿಯದು. ನನ್ನ ಅಜ್ಜಿಯಂಥವರು ದೀಕ್ಷಾಸ್ನಾನ ತೆಗೆದುಕೊಂಡಾಗ ಅವರಿಗೆ ಸಿಕ್ಕ ದೊಡ್ಡ ಸಂಪತ್ತು ಒಂದೇ: ನಿನ್ನನ್ನು ದೇವರು ಹೆಸರು ಹಿಡಿದು ಕರೆಯುತ್ತಾನೆ ಎಂಬ ಭರವಸೆ. ಊರು ಅವರನ್ನು ಓಣಿಯ ಹೆಸರಿನಿಂದ ಕರೆಯುತ್ತಿತ್ತು. ಆದರೆ ಸಭೆಗಳ ಒಳಗೂ ಓಣಿಯ ನೆನಪು ಪೂರ್ತಿ ಅಳಿಯಲಿಲ್ಲ. ಮದುವೆಯ ಮಾತುಕತೆ ಬಂದಾಗ ಅದು ಎದ್ದು ಕೂರುತ್ತದೆ. ಇದೇ ನಮ್ಮ ಗೊಡ್ಡು ರೋಗದ ನುಸಿ. ಹಾಡು, ಹಬ್ಬ, ನಕ್ಷತ್ರ ಎಲ್ಲ ಹಚ್ಚಗೆ ಇರುತ್ತದೆ, ಕಾಯಿ ಕಟ್ಟುವುದಿಲ್ಲ.

ಸಮಾಧಾನ ಸಾಲದು

ಕೊನೆಗೆ ಒಂದು ಎಚ್ಚರಿಕೆ. ನಿನ್ನ ಒಳಗು ಚೆನ್ನಾಗಿದ್ದರೆ ಸಾಕು ಎಂದು ಹಸಿದವರಿಗೆ ಹೇಳುವುದು ಧರ್ಮವಲ್ಲ. ಕುರ್ಚಿಯ ಪ್ರಸಂಗ ಹೇಳಿದ ಅದೇ ಅಧ್ಯಾಯದಲ್ಲಿ ಯಾಕೋಬ ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಬಟ್ಟೆಯಿಲ್ಲದ, ಊಟವಿಲ್ಲದ ಸಹೋದರನಿಗೆ ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ ಎಂದು ಬಾಯಿಮಾತು ಹೇಳಿ ಕಳಿಸಿದರೆ ಪ್ರಯೋಜನವೇನು ಎಂದು. ಹೃದಯವನ್ನು ನೋಡುವ ದೇವರು ಹರಿದ ಅಂಗಿಯನ್ನು ನೋಡದೆ ಬಿಡುವವನಲ್ಲ. ಒಬ್ಬರಿಗೆ ಒಳಗಿನ ಬೆಲೆ ಇದೆ ಎಂದು ನಿಜವಾಗಿ ನಂಬಿದ ದಿನ, ಅವರು ಸೋರುವ ಮನೆಯಲ್ಲಿ ಮಲಗುವುದನ್ನು ನಮ್ಮಿಂದ ಸಹಿಸಲಾಗುವುದಿಲ್ಲ. ಅಸಡ್ಡೆಗೆ ಆಸರೆಯಾಗುವ ಬೋಧೆ ಕ್ರಿಸ್ತನದಲ್ಲ.

ಇಲ್ಲಿರುವ ಶಿಕ್ಷಕರಿಗೆ ನನ್ನ ಕೋರಿಕೆ ಇಷ್ಟು. ನಾಳೆ ತರಗತಿಗೆ ಹೋದಾಗ ಇಷಯನಂತೆ ಎಣಿಸಬೇಡಿ. ಎಂಟನೆಯ ಮಗು ಎಲ್ಲಿ ಎಂದು ಕೇಳಿ. ಹಿಂದಿನ ಬೆಂಚಿನಲ್ಲಿ ಮಾಸಿದ ಅಂಗಿಯಲ್ಲಿ ಕೂತ ಹುಡುಗನನ್ನು, ಬಣ್ಣಕ್ಕೆ ಹೆದರಿ ಗುಂಪಿನ ಫೋಟೋದಲ್ಲಿ ಮರೆಯಾಗುವ ಹುಡುಗಿಯನ್ನು ಹೆಸರು ಹಿಡಿದು ಕರೆಯಿರಿ.

ನಮ್ಮೆಲ್ಲರಿಗೂ ಇನ್ನೊಂದು ಕೋರಿಕೆ ಇದೆ. ಈ ಸಭೆ ಮುಗಿದ ಮೇಲೆ ಊಟವಿದೆ. ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ ಬಡಿದ ತಾಯಂದಿರು ಹಿಂದಿನ ಶೆಡ್ಡಿನಲ್ಲಿ ಒಲೆಯ ಮುಂದೆ ಇದ್ದಾರೆ. ಕುರ್ಚಿ ಹಾಕಿದ ಹುಡುಗರು ಬಾಗಿಲ ಹತ್ತಿರ ನಿಂತೇ ಈ ಮಾತು ಕೇಳುತ್ತಿದ್ದಾರೆ. ಎರಡೇ ಸೀರೆಗಳಲ್ಲಿ ಬದುಕಿದ ತಾಯಿಯ ಹೆಸರಿನ ಊಟ ಇದು. ಮೊದಲ ಪಂಕ್ತಿಯಲ್ಲಿ ಅವರು ಕೂಡಲಿ, ಬಡಿಸುವ ಕೆಲಸ ನಮಗಿರಲಿ.